ಶಿಕ್ಷಕನಿಗೆ ಸ್ವಂತದ್ದೊಂದು ಶಿಕ್ಷಣ ದರ್ಶನ ಬೇಡವೇ?

ನಿವೃತ್ತಿಯ ನಂತರ ಉಡುಪಿ ಆಸುಪಾಸಿನ ಶಿಕ್ಷಕರ ತರಬೇತಿ ಕಾಲೇಜೊಂದಕ್ಕೆ ನಾನು ಆಗೀಗ ಪಾಠ ಹೇಳಲು ಹೋಗುವುದುಂಟು. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು 2014ರಲ್ಲಿ ರೂಪಿಸಿದ ಎರಡು ವರ್ಷಗಳ ಬಿ.ಇಡಿ. ಪಠ್ಯಕ್ರಮದಲ್ಲಿ ತನ್ನನ್ನು ತಾನು ಅರಿಯುವ ವಿಷಯವೊಂದಿದೆ. ಅದರ ಅಂಗವಾಗಿ 'ನನ್ನ ಶಿಕ್ಷಣ ದರ್ಶನ' ಎಂಬ ಎರಡು ಪುಟಗಳ ಪ್ರಬಂಧ ಬರೆದು ತರುವಂತೆ ಪ್ರಶಿಕ್ಷಣಾರ್ಥಿಗಳಿಗೆ ಹೇಳಿದ್ದೆ. ಬಂದ ನಲವತ್ತೆರಡು ಪ್ರಬಂಧಗಳನ್ನು ಮುಗಿಸುವಷ್ಟರಲ್ಲಿ ಒಂದೇ ಪ್ರಬಂಧವನ್ನು ನಲವತ್ತೆರಡು ಬಾರಿ ಓದಿದ ಅನುಭವವಾಯಿತು. ಎಲ್ಲರೂ ಗಾಂಧೀಜಿಯವರ ನಯೀ ತಾಲೀಮಿನಿಂದ ಹೊರಟು, ಟ್ಯಾಗೋರರ ಶಾಂತಿನಿಕೇತನವನ್ನು ಹಾದು, ಜಾನ್ ಡ್ಯೂಯಿಯನ್ನು ಮುಟ್ಟಿ, 'ಮಗುವಿನ ಸರ್ವಾಂಗೀಣ ವಿಕಾಸವೇ ನನ್ನ ಧ್ಯೇಯ' ಎಂಬಲ್ಲಿಗೆ ಬಂದು ವಿರಮಿಸಿದ್ದರು.

ಮರುದಿನ ತರಗತಿಯಲ್ಲಿ ತುಸು ಕಟುವಾಗಿಯೇ ಮಾತಾಡಿದೆ. "ಇದು ಗಾಂಧೀಜಿಯವರ ದರ್ಶನವಾಯಿತು, ಡ್ಯೂಯಿಯವರದಾಯಿತು. ನಿಮ್ಮದು ಎಲ್ಲಿ?" ಎಂದು ಕೇಳಿದೆ. ಕಾರ್ಕಳ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು ಬಹಳ ವಿನಯದಿಂದ, "ಸರ್, ನೀವು ಮೂವತ್ತೆರಡು ವರ್ಷ ಪಾಠ ಮಾಡಿದವರು. ನಿಮ್ಮ ದರ್ಶನ ಯಾವುದು ಅಂತ ಒಮ್ಮೆ ಹೇಳಿದರೆ ನಮಗೆ ಅನುಕೂಲವಾಗುತ್ತಿತ್ತು" ಎಂದಳು. ಅವಳ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಆದರೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ಹೇಳುತ್ತೇನೆಂದು ತಪ್ಪಿಸಿಕೊಂಡು ಬಂದೆ.

ಇದನ್ನು ನನ್ನೊಬ್ಬನ ಮುಜುಗರವೆಂದು ಬಿಟ್ಟುಬಿಡಬಹುದಿತ್ತು. ಆದರೆ ಯೋಚಿಸುತ್ತ ಹೋದಂತೆ ಇದು ಸಾರ್ವಜನಿಕ ಮಹತ್ವದ ಪ್ರಶ್ನೆಯೆಂದೇ ನನಗೆ ಅನ್ನಿಸತೊಡಗಿತು. ಕಳೆದ ಕೆಲವು ವರ್ಷಗಳನ್ನೇ ಗಮನಿಸಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ದೇಶಕ್ಕೆ ಮೊದಲಿಗರಾಗಿ ಜಾರಿಗೆ ತಂದವರು ನಾವೇ. ಸರ್ಕಾರ ಬದಲಾದ ಮೇಲೆ 2023ರಲ್ಲಿ ಅದನ್ನು ಕೈಬಿಟ್ಟವರೂ ನಾವೇ. ಪದವಿ ನಾಲ್ಕು ವರ್ಷದ್ದಾಯಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. 5, 8, 9 ಮತ್ತು 11ನೇ ತರಗತಿಗಳಿಗೆ ಮಂಡಳಿ ಪರೀಕ್ಷೆ ಬೇಕೇ ಬೇಡವೇ ಎಂಬ ವಿವಾದ ಅದೇ ವರ್ಷ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿ, ದ್ವಿಭಾಷಾ ನೀತಿಯನ್ನೂ ಕನಿಷ್ಠ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷಾ ಮಾಧ್ಯಮವನ್ನೂ ಶಿಫಾರಸು ಮಾಡಿತು. ಇಷ್ಟೆಲ್ಲ ಏರಿಳಿತಗಳಲ್ಲಿ ತರಗತಿಯ ಶಿಕ್ಷಕನ ಪಾತ್ರವೇನು? ಸುತ್ತೋಲೆ ಬಂದಾಗ ಸಹಿ ಹಾಕುವುದು, ಇನ್ನೊಂದು ಸುತ್ತೋಲೆ ಬಂದಾಗ ಹಿಂದಿನದನ್ನು ಮರೆಯುವುದು. ಸ್ವಂತ ನಿಲುವಿಲ್ಲದ ಶಿಕ್ಷಕ ಅಂಚೆಪೆಟ್ಟಿಗೆಯಂತೆ. ಯಾರು ಯಾವ ಕಾಗದ ಹಾಕಿದರೂ ಅದಕ್ಕೆ ಒಂದೇ.

ದರ್ಶನ ಎಂಬುದು ದೊಡ್ಡ ಶಬ್ದ. ಅದನ್ನು ಸ್ವಲ್ಪ ಕೆಳಗಿಳಿಸಿಕೊಳ್ಳೋಣ. ಸೋಮವಾರ ಬೆಳಿಗ್ಗೆ ಹತ್ತೂಕಾಲಕ್ಕೆ ತರಗತಿಯಲ್ಲಿ ನಾನು ಮಾಡುವ ಕೆಲಸವನ್ನು ಯಾಕಾಗಿ ಮಾಡುತ್ತಿದ್ದೇನೆ ಎಂಬ ಪ್ರಶ್ನೆಗೆ ನನ್ನಲ್ಲಿರುವ ಪ್ರಾಮಾಣಿಕ ಉತ್ತರವೇ ನನ್ನ ಶಿಕ್ಷಣ ದರ್ಶನ. ಈ ಉತ್ತರವನ್ನು ಗ್ರಂಥಗಳಿಂದ ಎರವಲು ತರಬಹುದು, ಆದರೆ ಅದು ನನ್ನದಾಗಬೇಕಾದರೆ ನಾನು ನಿಂತ ನೆಲದಲ್ಲಿ ಪರೀಕ್ಷೆಗೊಳಗಾಗಬೇಕು. ಅದೃಷ್ಟವಶಾತ್ ನನ್ನ ವೃತ್ತಿಯ ದಿನಗಳೆಲ್ಲ ಕಳೆದದ್ದು ಶಿಕ್ಷಣದ ವಿಷಯದಲ್ಲಿ ಹೆಸರಾದ ನೆಲದಲ್ಲಿ. ಆದ್ದರಿಂದ ಉತ್ತರವನ್ನು ಇಲ್ಲಿಯೇ ಹುಡುಕಲು ತೊಡಗಿದೆ.

ನಮ್ಮ ಜಿಲ್ಲೆಯವರಿಗೆ ಫಲಿತಾಂಶದ ದಿನವೆಂದರೆ ಹಬ್ಬ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 94 ಫಲಿತಾಂಶದೊಂದಿಗೆ ಉಡುಪಿ ರಾಜ್ಯಕ್ಕೆ ಪ್ರಥಮ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದು, ರಾಜ್ಯದ ಸರಾಸರಿ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಕುಸಿದ ವರ್ಷ ಅದು. 2025ರ ದ್ವಿತೀಯ ಪಿಯುಸಿಯಲ್ಲಿಯೂ ಶೇ 93.90ರೊಂದಿಗೆ ಉಡುಪಿಗೇ ಮೊದಲ ಸ್ಥಾನ. ಹೆಮ್ಮೆಪಡಬೇಕಾದುದೇ. ಆದರೆ ಎರಡೂ ಪಟ್ಟಿಗಳ ಕೊನೆಯಲ್ಲಿದ್ದ ಯಾದಗಿರಿಯ ಅಂಕಿಗಳು ಶೇ 50.59 ಮತ್ತು ಶೇ 48.45. ಯಾದಗಿರಿಯ ಮಕ್ಕಳು ನಮ್ಮ ಮಕ್ಕಳಿಗಿಂತ ಅರ್ಧದಷ್ಟು ಬುದ್ಧಿಯವರೇ? ಯಾರೂ ಹಾಗೆ ಹೇಳಲಾರರು. ಹಾಗಾದರೆ ಈ ಅಂಕಿಗಳು ಅಳೆಯುತ್ತಿರುವುದು ಮಕ್ಕಳನ್ನಲ್ಲ, ಆ ಮಕ್ಕಳ ಹಿಂದೆ ನಿಂತಿರುವ ಒಂದೆರಡು ಶತಮಾನಗಳನ್ನು.

ಆ ಶತಮಾನಗಳ ಕಥೆ ನಮಗೆ ಗೊತ್ತಿರುವುದೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಕರಾವಳಿಯುದ್ದಕ್ಕೂ ಶಾಲೆಗಳನ್ನು ತೆರೆಯಿತು. 1897ರಲ್ಲಿ ಕುದ್ಮುಲ್ ರಂಗರಾಯರು ಅಸ್ಪೃಶ್ಯರೆಂದು ದೂರವಿಟ್ಟವರ ಮಕ್ಕಳಿಗಾಗಿ ಮಂಗಳೂರಿನಲ್ಲಿ ಸಂಸ್ಥೆ ಕಟ್ಟಿ, ಸ್ವಜಾತಿಯವರ ಬಹಿಷ್ಕಾರವನ್ನು ಉಂಡರು. ಮುಂದೆ ಡಾ. ಟಿ.ಎಂ.ಎ. ಪೈ ಅವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. 1949ರಲ್ಲಿ ಉಡುಪಿಗೆ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಮಣಿಪಾಲಕ್ಕೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1960ರಲ್ಲಿ ಕಾರ್ಕಳಕ್ಕೆ ಭುವನೇಂದ್ರ ಕಾಲೇಜು ಬಂದವು. ಇದೇ ಪೈಗಳು 1925ರಲ್ಲಿ ಇತರರೊಡಗೂಡಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತ್ತು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಯೋಜನೆ ಅದು. ಸಣ್ಣವರ ಸಣ್ಣ ಹಣವನ್ನು ಕೂಡಿಸಿ ದೊಡ್ಡದು ಮಾಡಬಹುದೆಂಬ ಆ ನಂಬಿಕೆಯೂ, ಬೋಳುಗುಡ್ಡದ ಮೇಲೆ ಕಾಲೇಜು ಕಟ್ಟಬಹುದೆಂಬ ನಂಬಿಕೆಯೂ ಒಂದೇ ಮನಸ್ಸಿನಿಂದ ಹುಟ್ಟಿದವು. ಸರ್ಕಾರದ ಕೈ ಚಾಚದೆ ಬಾಗಿಲು ತೆರೆಯಬಹುದು ಎಂಬುದು ಮಣಿಪಾಲ ನಾಡಿಗೆ ಕಲಿಸಿದ ಪಾಠ.

ಆದರೆ ತೆರೆದ ಬಾಗಿಲಿಗೆ ಬೆಲೆಯೂ ನಿಗದಿಯಾಯಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ವಂತಿಗೆಯ ಪಿಡುಗನ್ನು ತಡೆಯಲು ರಾಜ್ಯ 1984ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಕರ್ನಾಟಕದ ವೈದ್ಯಕೀಯ ಕಾಲೇಜೊಂದರ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಶಿಕ್ಷಣ ಪ್ರಜೆಯ ಹಕ್ಕು ಎಂದಿತು. ಹತ್ತು ವರ್ಷಗಳ ನಂತರ, 2002ರಲ್ಲಿ, ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಶಿಕ್ಷಣ ಸಂಸ್ಥೆ ನಡೆಸುವುದು ಸಂವಿಧಾನ ಮಾನ್ಯ ಮಾಡುವ ಒಂದು ಕಸುಬು, ಸಂಸ್ಥೆಯ ಬೆಳವಣಿಗೆಗೆ ಬೇಕಾದ ಮಿಗತೆ ತಪ್ಪಲ್ಲ, ಆದರೆ ಲಾಭಕೋರತನ ಮತ್ತು ವಂತಿಗೆ ಸಲ್ಲದು ಎಂದು ಹೇಳಿತು. ಶಿಕ್ಷಣ ವ್ಯಾಪಾರವೇ ಸೇವೆಯೇ ಎಂಬ ದೇಶದ ಚರ್ಚೆಯಲ್ಲಿ ಇಂದಿಗೂ ಉಲ್ಲೇಖವಾಗುವುದು ನಮ್ಮ ಜಿಲ್ಲೆಯ ಹೆಸರೇ. ಮಿಗತೆ ಎಲ್ಲಿ ಮುಗಿಯುತ್ತದೆ, ಲಾಭಕೋರತನ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನ್ಯಾಯಾಲಯ ತೂಗಲಿ. ಶಿಕ್ಷಕನಾಗಿ ನಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ನನ್ನ ತರಗತಿಯೊಳಗೆ ಬಾರದೇ ಉಳಿದವರು ಯಾರು? ಬಂದವರ ಫಲಿತಾಂಶದ ಸಂಭ್ರಮದಲ್ಲಿ ಈ ಪ್ರಶ್ನೆಯನ್ನು ಮೂವತ್ತೆರಡು ವರ್ಷಗಳಲ್ಲಿ ಎಷ್ಟು ಸಲ ಕೇಳಿಕೊಂಡಿದ್ದೇನೆ ಎಂದು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ.

ಒಳಗೆ ಬಂದವರನ್ನಾದರೂ ನಾವು ಸರಿಯಾಗಿ ಕಂಡಿದ್ದೇವೆಯೇ? ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ಶಾಲೆಯ ದಾಖಲೆಗಳ ಪಾಲಿಗೆ ಅವರು ಡ್ರಿಲ್ ಮಾಸ್ತರರು. ರಾತ್ರಿ ಅವರು ಬರೆದ ಕಾವ್ಯಗಳು ಹಳೆಯ ಕವಿಯ ಕೃತಿಗಳೆಂಬಂತೆ ಮೈಸೂರಿನ ಪತ್ರಿಕೆಗೆ ಹೋದವು. 'ಶ್ರೀರಾಮಾಶ್ವಮೇಧ'ದ ಮುದ್ದಣ ಈ ಡ್ರಿಲ್ ಮಾಸ್ತರರೇ ಎಂಬುದು ನಾಡಿಗೆ ತಿಳಿದದ್ದು 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ಅವರು ಕ್ಷಯಕ್ಕೆ ಬಲಿಯಾದ ಮೇಲೆ. ತನ್ನ ಹೆಸರಿನಲ್ಲಿ ಬರೆದರೆ ಯಾರೂ ಓದಲಾರರು ಎಂದು ಒಬ್ಬ ಶಿಕ್ಷಕನಿಗೇ ಅನ್ನಿಸುವ ಕಡೆ ಬೆಂಚಿನ ಮೇಲೆ ಕುಳಿತ ಮಗುವಿಗೆ ಏನನ್ನಿಸೀತು? ಮುದ್ದಣನ ಹೆಸರಿನಲ್ಲಿ ನಾವು ಪ್ರತಿವರ್ಷ ಭಾಷಣ ಮಾಡುತ್ತೇವೆ. ಅವರ ಬದುಕಿನಿಂದ ಶಿಕ್ಷಕನೊಬ್ಬ ಕಲಿಯಬೇಕಾದುದು ಮಾತ್ರ ಸರಳ: ಹಾಜರಿ ಪುಸ್ತಕದಲ್ಲಿರುವುದು ವ್ಯಕ್ತಿಯ ಒಂದು ಅಂಶ ಮಾತ್ರ.

ಇದನ್ನು ಬೋಧನೆಯ ಧಾಟಿಯಲ್ಲಿ ಹೇಳುವ ಅಧಿಕಾರ ನನಗಿಲ್ಲ. 1990ರ ದಶಕದ ಆರಂಭದಲ್ಲಿ ಕಾಪು ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಎಂಟನೆಯ ತರಗತಿಯಲ್ಲಿ ಮೊಗವೀರರ ಹುಡುಗನೊಬ್ಬನಿದ್ದ. ಕೈರಂಪಣಿ ಎಳೆಯುವ ದಿನಗಳಲ್ಲಿ ಬೆಳಿಗ್ಗೆ ತಡವಾಗಿ, ಕಾಲಲ್ಲಿ ಮರಳು ಮೆತ್ತಿಕೊಂಡು ಬರುತ್ತಿದ್ದ. ಮಾತು ತುಳುವಿನಲ್ಲಿ. ತರಗತಿಯಲ್ಲಿ ತುಳು ಆಡಿದವರನ್ನು ಹೊರಗೆ ನಿಲ್ಲಿಸುವುದು ಕನ್ನಡದ ಸೇವೆಯೆಂದು ನಾನು ಆಗ ನಂಬಿದ್ದೆ. ಒಮ್ಮೆ ಪದ್ಯವೊಂದರ ಸಂದರ್ಭದಲ್ಲಿ ಸಮುದ್ರದ ಬಣ್ಣ ಯಾವುದೆಂದು ಕೇಳಿದೆ. ತರಗತಿ ಒಕ್ಕೊರಲಿನಿಂದ ನೀಲಿ ಎಂದಿತು. ಇವನೊಬ್ಬ, ಅದು ಯಾವ ತಿಂಗಳು ಎಂಬುದರ ಮೇಲೆ ಹೋಗುತ್ತದೆ ಎಂದ. ಮಳೆಗಾಲದಲ್ಲಿ ಹೊಳೆ ಸೇರುವ ಕಡೆ ಕೆಂಪು, ಮಳೆ ಬಿಟ್ಟ ಮೇಲೆ ಹಸಿರು, ಬೂತಾಯಿಯ ಹಿಂಡು ಬಂದರೆ ಆ ಜಾಗ ಮಾತ್ರ ಕಪ್ಪು ಎಂದು ಅರ್ಧ ತುಳುವಿನಲ್ಲಿ ವಿವರಿಸತೊಡಗಿದ. "ನೀಲಿ ಎಂದು ಬರೆದುಕೊ, ಕೂತುಕೋ" ಎಂದೆ. ತರಗತಿ ನಕ್ಕಿತು. ಒಂಬತ್ತನೆಯ ತರಗತಿಯ ನಡುವೆ ಅವನು ಶಾಲೆ ಬಿಟ್ಟ. ಅದಕ್ಕೆ ಆ ಒಂದು ಮಾತೇ ಕಾರಣವೆಂದು ನಾನು ಹೇಳುತ್ತಿಲ್ಲ. ಮನೆಯ ಕಷ್ಟವೂ ಇತ್ತು. ಆದರೆ ಅವನನ್ನು ಶಾಲೆಯಲ್ಲಿ ಉಳಿಸಬಹುದಾಗಿದ್ದ ಕೆಲವು ಎಳೆಗಳಲ್ಲಿ ಒಂದನ್ನು ಕಡಿದವನು ನಾನು.

ಹಲವು ವರ್ಷಗಳ ನಂತರ ಮಲ್ಪೆ ಬಂದರಿನಲ್ಲಿ ಅವನೇ ನನ್ನನ್ನು ಗುರುತಿಸಿದ. ಯಾಂತ್ರಿಕ ದೋಣಿಯೊಂದರ ತಾಂಡೇಲನಾಗಿದ್ದ. ಜಿಪಿಎಸ್, ಮೀನು ಹುಡುಕುವ ಯಂತ್ರ ಎಲ್ಲವನ್ನೂ ತೋರಿಸಿ, "ಆದರೂ ಮಾಸ್ಟ್ರೇ, ನೀರಿನ ಬಣ್ಣ ನೋಡದೆ ನಾನು ಬಲೆ ಬಿಡುವುದಿಲ್ಲ" ಎಂದ. ಅವನು ಹಳೆಯದನ್ನು ನೆನಪಿಸಲು ಹೇಳಿದನೋ, ಸುಮ್ಮನೆ ಹೇಳಿದನೋ ತಿಳಿಯಲಿಲ್ಲ. ಮಗಳನ್ನು ಯಾವ ಶಾಲೆಗೆ ಹಾಕಿದ್ದೀ ಎಂದು ಕೇಳಿದೆ. ಇಂಗ್ಲಿಷ್ ಮಾಧ್ಯಮಕ್ಕೆ ಎಂದ. "ನಾನು ಪಟ್ಟ ಅವಮಾನ ಅವಳಿಗೆ ಬೇಡ" ಎಂದು ಸೇರಿಸಿದ.

ಈ ಮಾತು ಭಾಷಾ ಮಾಧ್ಯಮದ ಚರ್ಚೆ ನಡೆದಾಗಲೆಲ್ಲ ನನ್ನ ಕಿವಿಯಲ್ಲಿ ಮೊಳಗುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ತೀರ್ಪು ನಮಗೆ ನೋವು ತಂದಿತು. ಆದರೆ ತಂದೆತಾಯಿ ಇಂಗ್ಲಿಷಿನತ್ತ ಓಡುತ್ತಿರುವುದು ನ್ಯಾಯಾಲಯ ಹೇಳಿದ್ದರಿಂದಲ್ಲ. ಅನ್ನದ ದಾರಿ ಅಲ್ಲಿದೆಯೆಂಬುದು ಒಂದು ಕಾರಣ. ನಮ್ಮ ಕನ್ನಡ ತರಗತಿಗಳೂ ಮಗುವಿನ ಮನೆಮಾತಿಗೆ ಗೌರವ ಕೊಡಲಿಲ್ಲ ಎಂಬುದು ನಾವು ಒಪ್ಪಿಕೊಳ್ಳದ ಇನ್ನೊಂದು ಕಾರಣ. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡಗಳ ಈ ಜಿಲ್ಲೆಯಲ್ಲಿ ಮಾತೃಭಾಷೆ ಎಂಬ ಶಬ್ದಕ್ಕೆ ಒಂದೇ ಅರ್ಥವಿಲ್ಲ. ಅವಿಭಜಿತ ದಕ್ಷಿಣ ಕನ್ನಡದ ಶಾಲೆಗಳಲ್ಲಿ 2010ರ ನಂತರ ತುಳುವನ್ನು ತೃತೀಯ ಭಾಷೆಯಾಗಿ ಆರಿಸಿಕೊಳ್ಳುವ ಅವಕಾಶ ದೊರೆಯಿತು. ಆಯೋಗ ಹೇಳಿದ ದ್ವಿಭಾಷಾ ನೀತಿಯಲ್ಲಿ ತೃತೀಯ ಭಾಷೆಯ ಸ್ಥಾನವೇ ಇಲ್ಲವಾದರೆ ತುಳು ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ಕುಳಿತವರಿಗೆ ಇದು ತ್ರಿಭಾಷೆಯೋ ದ್ವಿಭಾಷೆಯೋ ಎಂಬ ಸೂತ್ರದ ಪ್ರಶ್ನೆ. ಕಾಪುವಿನ ಶಿಕ್ಷಕನಿಗೆ ಇದು ಎದುರಿಗೆ ನಿಂತ ಹುಡುಗನ ಪ್ರಶ್ನೆ. ಇಂಥದನ್ನು ನೀತಿ ರೂಪಿಸುವವರಿಗೆ ತಿಳಿಸಬೇಕಾದವನು ಶಿಕ್ಷಕ. ತಿಳಿಸಬೇಕಾದರೆ ಅವನಲ್ಲಿ ಒಂದು ನಿಲುವು ಇರಬೇಕು.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಳ್ಳೆಯ ಪರಂಪರೆಯೊಂದಿದೆ ಎಂಬುದನ್ನು ಮರೆಯಬಾರದು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾಲೇಜನ್ನು ಅರ್ಧಕ್ಕೆ ಬಿಟ್ಟವರು. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಪ್ರಯೋಗಗಳನ್ನು ನಡೆಸಿದ ಅವರು, 1930ರ ದಶಕದಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಒಬ್ಬರೇ ರಚಿಸಿದರು. ಮಗುವಿಗೆ ಕುತೂಹಲವಿದೆ, ಅದಕ್ಕೆ ತಕ್ಕ ಉತ್ತರ ಅದರ ನುಡಿಯಲ್ಲಿ ಸಿಗಬೇಕು ಎಂಬ ನಂಬಿಕೆಯಿಲ್ಲದೆ ಅಂಥ ಕೆಲಸಕ್ಕೆ ಯಾರೂ ಕೈಹಾಕಲಾರರು. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಮತ್ತು ಕಾರಂತರ ಆಸ್ಥೆಯಿಂದ 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಪದವಿಯ ಹಂಗಿಲ್ಲದ ಕಲಾವಿದರು ಅಲ್ಲಿ ಗುರುಗಳಾದರು. ಯಾರಲ್ಲಿ ವಿದ್ಯೆಯಿದೆಯೋ ಅವರೇ ಗುರು, ಸರ್ಟಿಫಿಕೇಟು ಆಮೇಲೆ ಎಂಬ ಈ ನಿಲುವು ಯಾವ ಶಿಕ್ಷಣ ದರ್ಶನಕ್ಕೂ ಕಡಿಮೆಯಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಉಡುಪಿಯ ಶಿಕ್ಷಣದ ಬಗ್ಗೆ ಬರೆಯುವುದು ಅಪ್ರಾಮಾಣಿಕವಾದೀತು. 2021ರ ಕೊನೆಯಲ್ಲಿ ಇಲ್ಲಿನ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿವಾದ ದೇಶವನ್ನೇ ವ್ಯಾಪಿಸಿತು. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಸಮವಸ್ತ್ರದ ಬಗ್ಗೆ, ಧಾರ್ಮಿಕ ಹಕ್ಕಿನ ಬಗ್ಗೆ ಓದುಗರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿರುವುದು ಸಹಜ. ನ್ಯಾಯಮೂರ್ತಿಗಳಲ್ಲೇ ಒಮ್ಮತವಿರಲಿಲ್ಲ. ಆದರೆ ಗೇಟಿನ ಹೊರಗೆ ಪುಸ್ತಕ ಹಿಡಿದು ನಿಂತ ಮಕ್ಕಳ ಚಿತ್ರವನ್ನೂ, ಗೇಟಿನ ಒಳಗೆ ಘೋಷಣೆ ಕೂಗುತ್ತಿದ್ದ ಮಕ್ಕಳ ಚಿತ್ರವನ್ನೂ ನೋಡಿದಾಗ ನನಗೆ ಕಾಡಿದ ಪ್ರಶ್ನೆ ಒಂದೇ. ಇಬ್ಬರಿಗೂ ಪಾಠ ಮಾಡಿದ್ದ ಶಿಕ್ಷಕರು ಎಲ್ಲಿದ್ದರು? ಅವರನ್ನು ದೂರುತ್ತಿಲ್ಲ. ಆಡಳಿತ, ರಾಜಕೀಯ, ಮಾಧ್ಯಮಗಳ ನಡುವೆ ಅವರ ದನಿಗೆ ಜಾಗವಿರಲಿಲ್ಲ. ನಾನು ಅಲ್ಲಿದ್ದರೂ ಆದೇಶಕ್ಕಾಗಿ ಕಾಯುತ್ತಿದ್ದೆನೇನೋ. ತೀರ್ಪು ಏನೇ ಬರಲಿ, ಆ ಬೆಂಚು ಖಾಲಿಯಾಗದಂತೆ ನೋಡಿಕೊಳ್ಳುವುದು ತನ್ನ ಕೆಲಸವೆಂದು ಶಿಕ್ಷಕನಿಗೆ ಮೊದಲೇ ಮನದಟ್ಟಾಗಿರಬೇಕು. ಬಿಕ್ಕಟ್ಟಿನ ದಿನ ಹುಡುಕಲು ಹೊರಟರೆ ದರ್ಶನ ಸಿಗುವುದಿಲ್ಲ.

ಮುಂದಿನ ವಾರ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಕಾಪುವಿನ ಹುಡುಗನ ಪ್ರಸಂಗವನ್ನೂ ಮುಚ್ಚಿಡಲಿಲ್ಲ. ಹಿಂದಿನ ಬೆಂಚಿನ ಯುವಕನೊಬ್ಬ ಆಕ್ಷೇಪವೆತ್ತಿದ. "ಸರ್, ಸಮುದ್ರದ ಬಣ್ಣ ಕೆಂಪು ಎಂದು ಅವನು ಪರೀಕ್ಷೆಯಲ್ಲಿ ಬರೆದಿದ್ದರೆ ಅಂಕ ಸಿಗುತ್ತಿತ್ತೇ? ಬಡವರ ಮಕ್ಕಳಿಗೆ ಅಂಕವೇ ಏಣಿ. ಅದನ್ನೂ ತೆಗೆದರೆ ಅವರು ಹತ್ತುವುದು ಹೇಗೆ?" ಎಂದ. ಇದು ತಳ್ಳಿಹಾಕುವ ಮಾತಲ್ಲ. ಶ್ರೀಮಂತರ ಮಗುವಿಗೆ ಅಂಕ ತಪ್ಪಿದರೆ ಇನ್ನೊಂದು ದಾರಿ ಇರುತ್ತದೆ, ಬಡವರ ಮಗುವಿಗೆ ಇರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಉತ್ತೀರ್ಣತೆಯ ಮಟ್ಟವನ್ನು ಶೇ 35ರಿಂದ 33ಕ್ಕೆ ಇಳಿಸುವುದಾಗಿ ಪ್ರಕಟಿಸಿದಾಗ ಅದನ್ನು ಗುಣಮಟ್ಟದ ಇಳಿಕೆಯೆಂದು ಗೇಲಿ ಮಾಡಿದವರಲ್ಲಿ ಎಷ್ಟು ಜನ ಆ ಎರಡು ಅಂಕಗಳ ಕೆಳಗೆ ಸಿಲುಕಿದ ಮಗುವನ್ನು ಕಂಡಿದ್ದರು? ಆದ್ದರಿಂದ ನಾನು ಯುವಕನಿಗೆ ಹೇಳಿದೆ: ಏಣಿಯನ್ನು ತೆಗೆಯಬೇಡಿ. ನೀಲಿ ಎಂದು ಬರೆಯುವುದನ್ನು ಕಲಿಸಿ. ಆದರೆ ಕೆಂಪು, ಹಸಿರು, ಕಪ್ಪುಗಳ ಬಗ್ಗೆ ಅವನಿಂದ ಇಡೀ ತರಗತಿಗೆ ಪಾಠ ಮಾಡಿಸಿದ ಮೇಲೆ ಕಲಿಸಿ. ಎರಡಕ್ಕೂ ಸೇರಿ ಹತ್ತು ನಿಮಿಷ ಸಾಕಿತ್ತು. ನನ್ನಲ್ಲಿ ಆ ಹತ್ತು ನಿಮಿಷವಿತ್ತು.

ನನ್ನ ಎರಡು ಪುಟ ಹೀಗೆ ತಯಾರಾಯಿತು. ಬಾರದೇ ಉಳಿದವರನ್ನು ನೆನಪಿಡುವುದು. ಬಂದವರನ್ನು ಹಾಜರಿ ಪುಸ್ತಕದಾಚೆಗೂ ನೋಡುವುದು. ಅವರು ಮನೆಯಿಂದ ತಂದ ನುಡಿ ಮತ್ತು ತಿಳಿವಳಿಕೆಯನ್ನು ಹೊರಗೆ ನಿಲ್ಲಿಸದೆ ಪಾಠ ಆರಂಭಿಸುವುದು. ಯಾರ ಬೆಂಚೂ ಖಾಲಿಯಾಗದಂತೆ ಕಾಯುವುದು. ಇದರಲ್ಲಿ ಹೊಸದೇನೂ ಇಲ್ಲ, ಗಾಂಧಿ ಟ್ಯಾಗೋರರು ಹೇಳದ್ದೂ ಇಲ್ಲ. ಆದರೆ ಇದರ ಪ್ರತಿ ವಾಕ್ಯಕ್ಕೂ ನನ್ನಲ್ಲಿ ಒಂದು ಊರು, ಒಂದು ಮುಖ, ಒಂದು ತಪ್ಪು ಇದೆ.

ಪ್ರಶಿಕ್ಷಣಾರ್ಥಿಗಳು ತಮ್ಮ ಪ್ರಬಂಧಗಳನ್ನು ಮತ್ತೆ ಬರೆದರು. ಕಾರ್ಕಳದ ಹುಡುಗಿಯದು ಈ ಸಲ ಮುಕ್ಕಾಲು ಪುಟ ಮಾತ್ರ. ಅವಳ ತಾಯಿ ಬೀಡಿ ಕಟ್ಟಿ ಅವಳನ್ನು ಓದಿಸಿದವರು. ಸಾವಿರ ಬೀಡಿಗೆ ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು, ಕಳಪೆಯೆಂದು ತೆಗೆದುಹಾಕುವುದು ಎಷ್ಟು, ಕೈಗೆ ಬರುವುದು ಎಷ್ಟು ಎಂಬುದನ್ನೆಲ್ಲ ಬಾಯಲ್ಲೇ ಲೆಕ್ಕ ಹಾಕುವ ಆ ತಾಯಿ, ಮಗಳ ಶಾಲೆಯ ಸಭೆಗೆ ಬಂದಾಗಲೆಲ್ಲ 'ನನಗೆ ಲೆಕ್ಕ ಬರುವುದಿಲ್ಲ' ಎಂದು ಹಿಂದೆ ಕುಳಿತುಕೊಳ್ಳುತ್ತಿದ್ದರಂತೆ. ನನ್ನ ತರಗತಿಯ ಮಕ್ಕಳ ತಾಯಂದಿರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವಂತಾಗಬೇಕು, ಅದಕ್ಕಾಗಿ ನಾನು ಗಣಿತ ಕಲಿಸುತ್ತೇನೆ ಎಂದು ಅವಳು ಬರೆದಿದ್ದಳು. ಗಾಂಧೀಜಿಯವರ ಹೆಸರಾಗಲಿ ಡ್ಯೂಯಿಯ ಹೆಸರಾಗಲಿ ಎಲ್ಲಿಯೂ ಇರಲಿಲ್ಲ. ನಾನು ಅಂಕಪಟ್ಟಿಯನ್ನು ಬದಿಗಿಟ್ಟು ಪ್ರಬಂಧವನ್ನು ಮತ್ತೊಮ್ಮೆ ಓದಿದೆ.